ಬಾಗಿಲವರೆಗೆ ಜೊತೆ

(ಸಮ್ಮೇಳನದ ಎರಡನೆಯ ದಿನ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಮುಖ್ಯ ಭಾಷಣದ ಬರಹರೂಪ)



ಆರೋಗ್ಯ ಗೋಷ್ಠಿ ಎಂದರೆ ನಮ್ಮ ಸಮ್ಮೇಳನಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ಹೃದಯ, ಮಂಡಿನೋವು, ಯೋಗ. ಈ ಸಲ ಸಮಿತಿಯವರು ಫೋನ್ ಮಾಡಿ "ಕುಡಿತದ ವಿಷಯ ಮಾತಾಡಿ" ಎಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಕಾರ್ಯಕ್ರಮದ ಪಟ್ಟಿಯಲ್ಲಿ ಏನಂತ ಹಾಕ್ತೀರಿ?" ಆ ಕಡೆ ಸ್ವಲ್ಪ ಹೊತ್ತು ಮೌನ. ಕೊನೆಗೆ "ಸ್ವಾಸ್ಥ್ಯ ಮತ್ತು ಜೀವನಶೈಲಿ" ಎಂದು ಹಾಕಿದ್ದಾರೆ. ನಿಮ್ಮ ಕೈಯಲ್ಲಿರುವ ಪುಸ್ತಿಕೆ ತೆಗೆದು ನೋಡಿ, ಹಾಗೇ ಇದೆ. ಇದು ದೂರಲ್ಲ. ಬೇರೆ ಹೆಸರು ಇಟ್ಟಿದ್ದಕ್ಕೇ ಕೆಲವರು ಧೈರ್ಯವಾಗಿ ಒಳಗೆ ಬಂದು ಕೂತಿರಬಹುದು. ಅಂಥವರು ಬಂದದ್ದು ಒಳ್ಳೆಯದಾಯಿತು. ಪಕ್ಕದವರು ಕೇಳಿದರೆ "ಯೋಗದ ಬಗ್ಗೆ ಅಂದುಕೊಂಡೆ" ಎನ್ನಿ.

ನಾನು ನ್ಯೂಜೆರ್ಸಿಯ ಒಂದು ಆಸ್ಪತ್ರೆಯಲ್ಲಿ ಸೋಶಿಯಲ್ ವರ್ಕರ್. ಕುಡಿತದಿಂದ ಅಡ್ಮಿಟ್ ಆದವರು ಮನೆಗೆ ಹೊರಡುವ ದಿನ ಅವರ ಪಕ್ಕ ಕೂತು "ಮುಂದೇನು?" ಎಂದು ಮಾತಾಡುವುದು ನನ್ನ ಕೆಲಸದ ಒಂದು ಭಾಗ. ಹೊರಡುವಾಗ ಅವರ ಕೈಗೆ ಔಷಧಿ ಚೀಟಿ, ಡಾಕ್ಟರ್ ಅಪಾಯಿಂಟ್‌ಮೆಂಟ್, ಜೊತೆಗೆ ಹತ್ತಿರದಲ್ಲಿ ನಡೆಯುವ ಸಭೆಗಳ ಪಟ್ಟಿ ಕೊಡುತ್ತೇವೆ. ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ಒಟ್ಟಿಗೆ ಕೂತು ಮಾತಾಡುವ ಸಭೆಗಳು. ನಮ್ಮವರು ಯಾರಾದರೂ ಬಂದರೆ ಮೊದಲು ನನ್ನ ಬ್ಯಾಡ್ಜ್ ಮೇಲಿನ ಹೆಸರು ನೋಡುತ್ತಾರೆ. ಕೆಲವರಿಗೆ ಸಮಾಧಾನ. ಹೆಚ್ಚಿನವರಿಗೆ ಗಾಬರಿ. "ನೀವು ಕೂಟಕ್ಕೆ ಬರ್ತೀರಾ?" ಎಂಬುದು ಅವರ ಮೊದಲ ಪ್ರಶ್ನೆ. ಜೀವ ಉಳಿದಿದೆ, ಕೈಗೆ ಡ್ರಿಪ್ ಇನ್ನೂ ಇದೆ, ಪ್ರಶ್ನೆ ಮಾತ್ರ ಯುಗಾದಿ ಕಾರ್ಯಕ್ರಮದ್ದು.

ಇವತ್ತು ನಾನು ಮಾತಾಡುವುದು ಆ ಪಟ್ಟಿಯ ಬಗ್ಗೆ. ಅದನ್ನು ಎಲ್ಲಿಂದ ತೆಗೆಯಬೇಕು, ಹೇಗೆ ಓದಬೇಕು, ಅದನ್ನು ಜೇಬಿನಲ್ಲಿಟ್ಟುಕೊಂಡ ಮನುಷ್ಯ ಕಾರಿನಿಂದ ಇಳಿದು ಆ ಬಾಗಿಲು ದಾಟಲು ಏನು ಬೇಕು. ನಡುವೆ ಕೆಲವರ ವಿಷಯ ಬರುತ್ತದೆ. ಊರು, ಉದ್ಯೋಗ, ಮಕ್ಕಳ ಲೆಕ್ಕ ಎಲ್ಲ ಬದಲಾಯಿಸಿದ್ದೇನೆ. ಇದು ಇಂಥವರೇ ಎಂದು ಊಹಿಸಲು ಹೋಗಬೇಡಿ, ತಪ್ಪಾಗುತ್ತದೆ.

ಮೊದಲು ಅಳತೆಯ ಮಾತು. "ದಿನಾ ಎರಡೇ ಪೆಗ್" ಎನ್ನುವವರ ಮನೆಯ ಪೆಗ್ಗನ್ನು ನಾನು ಕಂಡಿದ್ದೇನೆ. ಊರಿನ ಬಾರಿನಲ್ಲಾದರೆ 30 ಎಂ.ಎಲ್. ಸ್ಮಾಲ್, 60 ಎಂ.ಎಲ್. ಲಾರ್ಜ್ ಎಂದು ಅಳೆದು ಕೊಡುತ್ತಾರೆ. ಇಲ್ಲಿ ಬೇಸ್‌ಮೆಂಟಿನಲ್ಲಿ ನಾವೇ ಬಾರು, ನಾವೇ ಗಿರಾಕಿ; ಅಳೆಯುವವರಿಲ್ಲ. ಈ ದೇಶದ ಆರೋಗ್ಯ ಇಲಾಖೆ ಒಂದು ಡ್ರಿಂಕ್ ಎನ್ನುವುದು 14 ಗ್ರಾಂ ಶುದ್ಧ ಆಲ್ಕೊಹಾಲಿಗೆ. ವಿಸ್ಕಿಯಲ್ಲಿ ಅದು ಸುಮಾರು 44 ಎಂ.ಎಲ್. ಹಿಡಿಕೆಯಿರುವ ಆ 1.75 ಲೀಟರಿನ ದೊಡ್ಡ ಬಾಟಲಿಯಲ್ಲಿ ಸುಮಾರು 39 ಡ್ರಿಂಕ್ ಇರುತ್ತದೆ. ಗಂಡಸರಿಗೆ ವಾರಕ್ಕೆ 15 ಅಥವಾ ಹೆಚ್ಚು, ಹೆಂಗಸರಿಗೆ 8 ಅಥವಾ ಹೆಚ್ಚು ಆದರೆ ಅದನ್ನು ಇಲ್ಲಿ ಭಾರೀ ಕುಡಿತ ಎಂದು ಲೆಕ್ಕ ಹಾಕುತ್ತಾರೆ. ಬಾಟಲಿ ತಂದ ದಿನ, ಖಾಲಿಯಾದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಭಾಗಾಕಾರ ಮಾಡಿ. ಐಟಿಯಲ್ಲಿರುವ ನಮಗೆ ಅಷ್ಟು ಲೆಕ್ಕ ಬರುತ್ತದೆ.

ಇನ್ನೊಂದು ವಿಷಯವನ್ನು ಇಲ್ಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ. ತಿಂಗಳುಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿರುವವರು ಈ ಭಾಷಣ ಕೇಳಿ ಇವತ್ತು ರಾತ್ರಿ ಥಟ್ಟನೆ ನಿಲ್ಲಿಸಬೇಡಿ. ಬೆಳಗಾದರೆ ಕೈ ನಡುಗುವವರು, ಬೆವರುವವರು, ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದವರು ಮೊದಲು ಡಾಕ್ಟರನ್ನು ಕಾಣಬೇಕು. ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದಂತಾಗುವುದು ಶುರುವಾಗಬಹುದು. ಇದರಿಂದ ಸಾವು ಸಂಭವಿಸುತ್ತದೆ. ಆಸ್ಪತ್ರೆಯಲ್ಲಾದರೆ ಔಷಧಿ ಕೊಟ್ಟು ಸುರಕ್ಷಿತವಾಗಿ ದಾಟಿಸುತ್ತಾರೆ. ಕುಡಿಯುವ ಆಸೆ ತಗ್ಗಿಸುವ ಔಷಧಿಗಳೂ ಇವೆ. ನಾಲ್ಟ್ರೆಕ್ಸೋನ್‌ಗೆ ಈ ಕಾರಣಕ್ಕಾಗಿ ಇಲ್ಲಿ ಅನುಮತಿ ಸಿಕ್ಕಿದ್ದು 1994ರಲ್ಲಿ, ಅಕಾಂಪ್ರೊಸೇಟ್‌ಗೆ 2004ರಲ್ಲಿ. ನಿಮ್ಮ ಡಾಕ್ಟರ್ ತಾವಾಗಿ ಹೇಳದಿದ್ದರೆ ನೀವೇ ಹೆಸರು ಹಿಡಿದು ಕೇಳಿ. ಸಭೆಗೂ ಔಷಧಿಗೂ ಜಗಳವಿಲ್ಲ, ಎರಡೂ ಒಟ್ಟಿಗೆ ನಡೆಯುತ್ತವೆ.

ಈಗ ಆ ಪಟ್ಟಿಗೆ ಬರೋಣ. ಇದು ಹಳೆಯ, ತೀರ ಪುಟ್ಟ ಅಧ್ಯಯನ, 1981ರಲ್ಲಿ ಪ್ರಕಟವಾದದ್ದು. ಇದ್ದವರು 20 ಜನ ಮಾತ್ರ. ಅರ್ಧ ಜನಕ್ಕೆ ಸಭೆಯ ವಿಷಯ ವಿವರಿಸಿ, ಸಮಯ, ಜಾಗ ತಿಳಿಸಿ, ಹೋಗಿ ಎಂದರು. ಇನ್ನರ್ಧ ಜನಕ್ಕೆ ಅದರ ಜೊತೆ ಇನ್ನೊಂದು ಕೆಲಸ ಮಾಡಿದರು: ಅವರ ಎದುರಿಗೇ ಆ ಗುಂಪಿನ ಒಬ್ಬರಿಗೆ ಫೋನ್ ಮಾಡಿ ಮಾತಾಡಿಸಿದರು, ಆ ಮನುಷ್ಯ ತಾನೇ ಜೊತೆಗೆ ಕರೆದೊಯ್ಯುತ್ತೇನೆ ಎಂದ. ಎರಡನೆಯ ಗುಂಪಿನ ಎಲ್ಲರೂ ಸಭೆಗೆ ಹೋದರು. ಬರೀ ವಿಳಾಸ ಸಿಕ್ಕ ಮೊದಲ ಗುಂಪಿನಿಂದ ಒಬ್ಬರೂ ಹೋಗಲಿಲ್ಲ. ಇಪ್ಪತ್ತು ಜನರ ಲೆಕ್ಕದಿಂದ ಲೋಕಕ್ಕೆಲ್ಲ ಅನ್ವಯಿಸುವ ಸೂತ್ರ ಬರೆಯಲಾಗದು. ಆದರೆ ನನ್ನ ಕೆಲಸದ ಜಾಗದಲ್ಲಿ ದಿನವೂ ಕಾಣುವುದು ಇದನ್ನೇ. ವಿಳಾಸ ಹುಡುಕಲು ಎರಡು ನಿಮಿಷ ಸಾಕು. ಕಾರಿನ ಬಾಗಿಲು ತೆರೆಯಲು ಕೆಲವರಿಗೆ ಎರಡು ವರ್ಷ ಬೇಕಾಗಿದೆ.

ಈ ಸಭೆಗಳಲ್ಲಿ ಹೆಚ್ಚು ಕಡೆ ಸಿಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಎ. ಅದು ಹುಟ್ಟಿದ ಕಥೆ ನಮಗೆ ಬಹಳ ಹತ್ತಿರದ್ದು. ನಾವೂ ಇವತ್ತು ಹೋಟೆಲಿನಲ್ಲೇ ಇದ್ದೇವಲ್ಲ, ಅದಕ್ಕೆ ಹೇಳುತ್ತೇನೆ. 1935ರ ಮೇ ತಿಂಗಳು. ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರದವನು ಕೆಲಸದ ಮೇಲೆ ಒಹಾಯೊದ ಆ್ಯಕ್ರನ್ ಊರಿಗೆ ಹೋಗಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಹೋದ ಕೆಲಸ ಕೆಟ್ಟಿತು. ಜೇಬು ಖಾಲಿ, ವಾರಾಂತ್ಯ, ಗುರುತಿಲ್ಲದ ಊರು. ಹೋಟೆಲಿನ ಲಾಬಿಯ ಒಂದು ಕಡೆ ಬಾರು, ಅಲ್ಲಿಂದ ನಗು, ಮಾತು ಕೇಳಿಸುತ್ತಿದೆ. ಇನ್ನೊಂದು ಕಡೆ ಊರಿನ ಚರ್ಚುಗಳ ಪಟ್ಟಿ, ಪಕ್ಕದಲ್ಲಿ ಫೋನು. ಅವನು ಫೋನಿನ ಕಡೆ ಹೋದ. ಅವನಿಗೆ ಬೇಕಾಗಿದ್ದದ್ದು ಉಪದೇಶ ಮಾಡುವವರಲ್ಲ, ತನ್ನಂತೆಯೇ ಕುಡಿತದಲ್ಲಿ ಸಿಕ್ಕಿಬಿದ್ದ ಇನ್ನೊಬ್ಬ ಮನುಷ್ಯ. ಒಬ್ಬರಿಂದ ಒಬ್ಬರಿಗೆ ಫೋನು ಹೋಗಿ ಕೊನೆಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಸರ್ಜನ್. "15 ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ" ಎಂದು ಹೇಳಿ ಬಂದವರು ಎದ್ದಾಗ ರಾತ್ರಿ 11 ದಾಟಿತ್ತು. ಆ ಡಾಕ್ಟರ್ ಕೊನೆಯ ಸಲ ಕುಡಿದ ದಿನವೆಂದು ಜೂನ್ 10ನ್ನು ಎಎ ಹುಟ್ಟಿದ ದಿನ ಎನ್ನುತ್ತಾರೆ.

ಭಾರತಕ್ಕೆ ಅದು ಬಂದ ಬಗೆಯೂ ಹಾಗೆಯೇ. 1957ರಲ್ಲಿ ಕೆಲಸದ ಮೇಲೆ ದೆಹಲಿಗೆ ಬಂದ ಕೆನಡಾದವರೊಬ್ಬರಿಗೆ ಅಲ್ಲಿ ಸಭೆ ಇರಲಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಜನ ಸೇರಿಸಿದರು. ಊರು ಬಿಟ್ಟು ಬಂದವನಿಗೆ ತನ್ನಂಥವನೊಬ್ಬ ಬೇಕಾಯಿತು, ಅಷ್ಟೇ. ನಾವೂ ಕನ್ನಡ ಕೂಟ ಕಟ್ಟಿದ್ದು ಅದೇ ಹಸಿವಿನಿಂದಲ್ಲವೇ? ಇವತ್ತು ಬೆಂಗಳೂರಿನಲ್ಲಿ ಕನ್ನಡದಲ್ಲೇ ನಡೆಯುವ ಎಎ ಸಭೆಗಳಿವೆ.

ಹುಡುಕುವುದು ಹೇಗೆ? ಫೋನಿನಲ್ಲಿ "ಮೀಟಿಂಗ್ ಗೈಡ್" ಎಂಬ ಆ್ಯಪ್ ಇದೆ, ಕುರ್ಚಿಯ ಚಿತ್ರವಿರುವುದು, ಉಚಿತ. ನೀವಿರುವ ಜಾಗದ ಸುತ್ತ ಇವತ್ತು ಎಷ್ಟು ಹೊತ್ತಿಗೆ ಎಲ್ಲಿ ಸಭೆ ಎಂದು ತೋರಿಸುತ್ತದೆ. ಪ್ರತಿ ಪ್ರದೇಶಕ್ಕೂ ಇಂಟರ್‌ಗ್ರೂಪ್ ಅಥವಾ ಸೆಂಟ್ರಲ್ ಆಫೀಸ್ ಎಂಬ ಕಚೇರಿ ಇರುತ್ತದೆ. ಅಲ್ಲಿಗೆ ಫೋನ್ ಮಾಡಿದರೆ ಎತ್ತುವವರು ಸಾಮಾನ್ಯವಾಗಿ ಕುಡಿತ ಬಿಟ್ಟವರೇ. "ಮೊದಲ ಸಲ ಬರ್ತಿದ್ದೇನೆ, ಯಾರಾದರೂ ಬಾಗಿಲ ಹತ್ತಿರ ಸಿಗ್ತೀರಾ?" ಎಂದು ಕೇಳಿ. ಈ ಪ್ರಶ್ನೆ ಅವರಿಗೆ ಹೊಸದಲ್ಲ. ಇನ್ನೇನೂ ತೋಚದ ರಾತ್ರಿಗೆ ಕೇಂದ್ರ ಸರ್ಕಾರದ ಸಹಾಯವಾಣಿ 1-800-662-4357 ಇದೆ, ಹಗಲು ರಾತ್ರಿ, ಹೆಸರು ಹೇಳಬೇಕಿಲ್ಲ. ಬದುಕೇ ಬೇಡ ಎನ್ನಿಸಿದರೆ 988.

ಪಟ್ಟಿಯಲ್ಲಿ ಒಂದೊಂದು ಸಭೆಯ ಮುಂದೆಯೂ ಸಣ್ಣ ಗುರುತುಗಳಿರುತ್ತವೆ. ಮುಖ್ಯವಾದವು ಎರಡು: ಓಪನ್, ಕ್ಲೋಸ್ಡ್. ಓಪನ್ ಸಭೆಗೆ ಯಾರು ಬೇಕಾದರೂ ಹೋಗಬಹುದು: ಹೆಂಡತಿ, ಅಣ್ಣ, ಗೆಳೆಯ, ಸುಮ್ಮನೆ ನೋಡಲು ಬಂದವರು. ಕ್ಲೋಸ್ಡ್ ಸಭೆ ಕುಡಿತ ನಿಲ್ಲಿಸಬೇಕೆಂಬ ಆಸೆ ಇರುವವರಿಗೆ ಮಾತ್ರ. ಇದು ನೆನಪಿರಲಿ, ಭಾಷಣದ ಕೊನೆಗೆ ಬೇಕಾಗುತ್ತದೆ. ಹೊಸಬರ ಸಭೆ, ಹೆಂಗಸರ ಸಭೆ, ಗಂಡಸರ ಸಭೆ, ಪುಸ್ತಕ ಓದುವ ಸಭೆ, ಒಬ್ಬರೇ ತಮ್ಮ ಕಥೆ ಹೇಳುವ ಸ್ಪೀಕರ್ ಸಭೆ, ದೇವರ ಮಾತಿಲ್ಲದ ಸೆಕ್ಯುಲರ್ ಸಭೆ ಹೀಗೆ ಬೇರೆ ಬೇರೆ ಇವೆ. ಮೊದಲ ಸಲಕ್ಕೆ ನಾನು ಸ್ಪೀಕರ್ ಸಭೆ ಹೇಳುತ್ತೇನೆ. ನೀವು ಬಾಯಿ ತೆರೆಯುವ ಪ್ರಮೇಯವೇ ಬರುವುದಿಲ್ಲ.

ಒಳಗೆ ಏನಾಗುತ್ತದೆ? ನಮ್ಮವರ ಕಲ್ಪನೆ ಸಿನಿಮಾದಿಂದ ಬಂದದ್ದು. ವೃತ್ತದಲ್ಲಿ ಕುರ್ಚಿ, ಎಲ್ಲರ ಕಣ್ಣೂ ನಿಮ್ಮ ಮೇಲೆ, ಎದ್ದು ನಿಂತು ತಪ್ಪೊಪ್ಪಿಗೆ. ನಿಜವಾಗಿ ಆಗುವುದು ಇಷ್ಟು. ಚರ್ಚಿನ ಬೇಸ್‌ಮೆಂಟೋ, ಸಮುದಾಯ ಭವನವೋ. ಮಡಚುವ ಕುರ್ಚಿಗಳು. ಒಂದು ಮೂಲೆಯಲ್ಲಿ ಕಾಫಿ. ಅದು ನಮ್ಮ ಫಿಲ್ಟರ್ ಕಾಫಿಯಲ್ಲ, ಆ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ನಡೆಸುವವರು ಒಂದೆರಡು ಪುಟ ಓದುತ್ತಾರೆ. ಹೊಸಬರು ಇದ್ದೀರಾ ಎಂದು ಕೇಳುತ್ತಾರೆ. ಕೈ ಎತ್ತದಿದ್ದರೂ ನಡೆಯುತ್ತದೆ. ಒಬ್ಬೊಬ್ಬರೇ ಮಾತಾಡುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವ, ಬುದ್ಧಿ ಹೇಳುವ ಪದ್ಧತಿ ಇಲ್ಲ. ನಿಮ್ಮ ಸರದಿ ಬಂದರೆ "ಪಾಸ್" ಎಂದರೆ ಸಾಕು. ಬುಟ್ಟಿ ಬರುತ್ತದೆ, ಒಂದೆರಡು ಡಾಲರ್ ಹಾಕುತ್ತಾರೆ, ಹೊಸಬರು ಹಾಕಬೇಕಿಲ್ಲ. ಇಷ್ಟು ದಿನ ಕುಡಿಯದೆ ಇದ್ದವರಿಗೆ ಬಿಲ್ಲೆ ಕೊಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಸಾಮಾನ್ಯವಾಗಿ ಒಂದು ಗಂಟೆ. ನಮ್ಮ ಕಾರ್ಯಕ್ರಮಗಳ ಹಾಗಲ್ಲ, ಏಳೂವರೆ ಎಂದರೆ ಏಳೂವರೆಗೇ ಶುರುವಾಗುತ್ತದೆ.

ಹೆಸರು? ಮೊದಲ ಹೆಸರು ಸಾಕು, ಅದೂ ನಿಜದ್ದೇ ಆಗಬೇಕೆಂದಿಲ್ಲ. ಕಾಫಿ ಅಂಗಡಿಯಲ್ಲಿ ವೆಂಕಟೇಶ "ವಿನ್ನಿ" ಆಗಿ ವರ್ಷಗಳಾಗಿವೆ. ಸದಸ್ಯರ ಪಟ್ಟಿ ಇಲ್ಲ, ಹಾಜರಿ ಪುಸ್ತಕ ಇಲ್ಲ, ಶುಲ್ಕ ಇಲ್ಲ.

ಮೊದಲ ಸಭೆ ಹಿಡಿಸದೇ ಇರಬಹುದು. ಒಬ್ಬರು ಹೋದ ಗುಂಪಿನಲ್ಲಿ ಎಲ್ಲರೂ 70 ದಾಟಿದವರು, ಮಾತೆಲ್ಲ ಬೇಸ್‌ಬಾಲ್ ಮತ್ತು ಯುದ್ಧದ ನೆನಪು. ಇವರು 34ರ ಹುಡುಗ, ಕ್ಲೌಡ್ ಇಂಜಿನಿಯರ್. "ನನಗೂ ಅವರಿಗೂ ಏನು ಸಂಬಂಧ?" ಎಂದು ಬಿಟ್ಟುಬಿಡುವುದರಲ್ಲಿದ್ದರು. ಬೇರೆ ಊರಿನ, ಬೇರೆ ಹೊತ್ತಿನ ನಾಲ್ಕು ಗುಂಪು ನೋಡಿ ಎಂದೆ. ನಾಲ್ಕನೆಯದು ಮಧ್ಯಾಹ್ನದ ಊಟದ ಹೊತ್ತಿನದು, ಅವರ ಆಫೀಸಿನಿಂದ ಹತ್ತು ನಿಮಿಷ. ಅಲ್ಲೇ ಉಳಿದರು. ವಿಚಿತ್ರವೆಂದರೆ ಅವರಿಗೆ ಅಲ್ಲಿ ಜೊತೆಯಾಗಿ ದಿನಾ ಫೋನ್ ಮಾಡುವ ಹಿರಿಯ, ಇಲ್ಲಿ ಸ್ಪಾನ್ಸರ್ ಎನ್ನುತ್ತಾರೆ, ಮೊದಲ ಗುಂಪಿನಲ್ಲಿ ಬೇಸ್‌ಬಾಲ್ ಮಾತಾಡಿದ್ದ ಅಜ್ಜನೇ. ನಮ್ಮಲ್ಲಿ ಸ್ಪಾನ್ಸರ್ ಎಂದರೆ ವೀಸಾ ಕೊಡಿಸುವವರು ಅಥವಾ ಸಮ್ಮೇಳನಕ್ಕೆ ದುಡ್ಡು ಕೊಡುವವರು. ಇಲ್ಲಿ ಅದು ರಾತ್ರಿ ಹನ್ನೊಂದಕ್ಕೆ ನಿಮ್ಮ ಫೋನ್ ಎತ್ತುವ ಮನುಷ್ಯ.

ಇದು ಕೆಲಸ ಮಾಡುತ್ತದೆಯೇ ಎಂದು ಕೇಳುವವರಿಗೆ: 2020ರಲ್ಲಿ ಕಾಕ್ರೇನ್ ಸಂಸ್ಥೆಯವರು 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿದರು. ಎಎಗೆ ಹೋಗುವಂತೆ ಕ್ರಮಬದ್ಧವಾಗಿ ನೆರವು ಕೊಟ್ಟ ಚಿಕಿತ್ಸೆಯಲ್ಲಿ ಪೂರ್ತಿ ಬಿಟ್ಟವರ ಪ್ರಮಾಣ ಬೇರೆ ಮಾನ್ಯ ಚಿಕಿತ್ಸೆಗಳಿಗಿಂತ ಹೆಚ್ಚಿತ್ತು. ಎಲ್ಲರಿಗೂ ಆಗಿಬರುತ್ತದೆ ಎಂದು ಇದರ ಅರ್ಥವಲ್ಲ. ಅಂಥವರಿಗೆ ಸ್ಮಾರ್ಟ್ ರಿಕವರಿ ಇದೆ. ಅಲ್ಲಿ ದೇವರ ಮಾತಿಲ್ಲ, ಯೋಚನೆಯ ರೀತಿ ಬದಲಾಯಿಸುವ ಅಭ್ಯಾಸಗಳಿವೆ, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರಿಸಬಹುದು. ಬೌದ್ಧ ಧ್ಯಾನ ಆಧರಿಸಿದ ರಿಕವರಿ ಧರ್ಮ ಎಂಬ ಗುಂಪುಗಳೂ ಇವೆ.

ಈಗ ನಮ್ಮವರು ಕಾರಿನಲ್ಲೇ ಕೂತುಬಿಡುವ ಕಾರಣಗಳು.

ಮೊದಲನೆಯದು ಚರ್ಚು. "ಮತಾಂತರ ಮಾಡ್ತಾರಾ?" ಎಂದು ಒಬ್ಬರ ತಾಯಿ ದಾವಣಗೆರೆಯಿಂದ ಫೋನಿನಲ್ಲಿ ಕೇಳಿದರು. ಇಲ್ಲ ಅಮ್ಮ, ಬಾಡಿಗೆ ಕೊಟ್ಟು ಕೋಣೆ ತಗೊಂಡಿದ್ದಾರೆ, ನಮ್ಮ ಕೂಟದವರು ಶಾಲೆಯ ಹಾಲ್ ತಗೊಳ್ಳೋ ಹಾಗೆ ಎಂದೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕಾದ್ದು ಇದೆ. ಎಎ ಮಾತಿನಲ್ಲಿ ದೇವರು ಬರುತ್ತಾನೆ, ಅವರವರು ತಿಳಿದಂಥ ದೇವರು ಎಂಬ ಅರ್ಥದಲ್ಲಿ. ಅಮೆರಿಕದ ಕೆಲವು ಗುಂಪುಗಳಲ್ಲಿ ಕೊನೆಗೆ ಕ್ರೈಸ್ತ ಪ್ರಾರ್ಥನೆಯನ್ನೂ ಹೇಳುತ್ತಾರೆ. ನೀವು ಸುಮ್ಮನೆ ನಿಂತರೆ ಯಾರೂ ಏನೂ ಅನ್ನುವುದಿಲ್ಲ. ಮನೆದೇವರನ್ನು ನೆನೆಸಿಕೊಂಡು ನಿಲ್ಲುವವರನ್ನೂ, ಯಾವ ದೇವರನ್ನೂ ನಂಬದೆ ಹತ್ತು ವರ್ಷದಿಂದ ಬರುತ್ತಿರುವವರನ್ನೂ ನಾನು ಬಲ್ಲೆ.

ಎರಡನೆಯದು ವೀಸಾ. ಎಚ್-1ಬಿಯಲ್ಲಿರುವವರು ಈ ಪ್ರಶ್ನೆಯನ್ನು ಪಿಸುಮಾತಿನಲ್ಲಿ ಕೇಳುತ್ತಾರೆ: "ಇಲ್ಲಿಗೆ ಬಂದದ್ದು ಎಲ್ಲಾದರೂ ದಾಖಲಾಗುತ್ತಾ?" ದಾಖಲಾಗಲು ಅಲ್ಲಿ ದಾಖಲೆಯೇ ಇಲ್ಲ. ವೀಸಾಕ್ಕೆ ಅಪಾಯ ಬರುವುದು ಇನ್ನೊಂದು ದಿಕ್ಕಿನಿಂದ. ಕುಡಿದು ಕಾರು ಓಡಿಸಿ ಪೊಲೀಸರು ಹಿಡಿದರೆ, ಕೋರ್ಟು ತೀರ್ಪು ಕೊಡುವ ಮೊದಲೇ, ಬರೀ ಅರೆಸ್ಟ್ ಆದ ಕಾರಣಕ್ಕೇ ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನು ವಿದೇಶಾಂಗ ಇಲಾಖೆ ರದ್ದು ಮಾಡಬಹುದು. 2015ರಿಂದ ಈ ಪದ್ಧತಿ ಇದೆ. ಮುಂದಿನ ಸಲ ಊರಿಗೆ ಹೋದಾಗ ಹೊಸದಾಗಿ ಅರ್ಜಿ, ವೈದ್ಯಕೀಯ ತಪಾಸಣೆ. ಅಪ್ಪನ ಕ್ರಿಯೆಗೆ ಹೋದರೆ ವಾಪಸ್ ಬರುತ್ತೇನೋ ಇಲ್ಲವೋ ಎಂದು ಟಿಕೆಟ್ ಹಿಡಿದು ಕೂತವರನ್ನು ನೋಡಿದ್ದೇನೆ. ನಿಮ್ಮ ಪ್ರಕರಣದ ವಿವರಕ್ಕೆ ವಕೀಲರನ್ನು ಕೇಳಿ. ವೀಸಾಕ್ಕೆ ಹೆದರಿ ಸಭೆ ತಪ್ಪಿಸಿಕೊಳ್ಳುವುದು ಮಾತ್ರ ತಲೆಕೆಳಗಾದ ಲೆಕ್ಕ. ಸಭೆಗಳು ಬೆಳಿಗ್ಗೆ ಆರಕ್ಕೂ ಇವೆ, ರಾತ್ರಿ ಹತ್ತಕ್ಕೂ ಇವೆ; ಆಫೀಸಿಗೆ ರಜೆ ಹಾಕಿ ಕಾರಣ ಹೇಳುವ ಅಗತ್ಯವೂ ಇಲ್ಲ.

ಮೂರನೆಯದೇ ದೊಡ್ಡದು: "ಯಾರಾದರೂ ನೋಡಿದರೆ?" ಇದಕ್ಕೆ ನಾನು ಕೇಳುವುದು, ನಿಮ್ಮನ್ನು ಆ ಕೋಣೆಯಲ್ಲಿ ನೋಡುವ ಮನುಷ್ಯ ಅಲ್ಲಿಗೆ ಯಾಕೆ ಬಂದಿರುತ್ತಾನೆ? ಒಮ್ಮೆ ಇಬ್ಬರು ಕನ್ನಡಿಗರು ಹೀಗೇ ಒಂದೇ ಬೇಸ್‌ಮೆಂಟಿನಲ್ಲಿ ಎದುರಾದರು. ಹತ್ತು ವರ್ಷ ಒಂದೇ ನಾಟಕ ತಂಡದಲ್ಲಿದ್ದವರು. ಒಬ್ಬರು ಹಿಂದೆ ತಿರುಗಿ ಹೋಗಲು ನೋಡಿದರು. ಇನ್ನೊಬ್ಬರು ಬಾಗಿಲ ಬಳಿ ಹಿಡಿದು ಹೇಳಿದ್ದು, "ಕಾಫಿ ತಗೊಳ್ಳಿ ಸಾರ್, ಕೆಟ್ಟದಾಗಿದೆ." ಮುಂದೆ ಅವರು ನಾಟಕದ ರಿಹರ್ಸಲ್‌ಗೂ ಸಭೆಗೂ ಒಂದೇ ಕಾರಿನಲ್ಲಿ ಹೋಗತೊಡಗಿದರು. ತಂಡದ ಉಳಿದವರು ಇವರಿಬ್ಬರಿಗೆ ಇದ್ದಕ್ಕಿದ್ದಂತೆ ಇಷ್ಟು ಸ್ನೇಹ ಹೇಗಾಯಿತು ಎಂದು ಇವತ್ತಿಗೂ ಆಶ್ಚರ್ಯಪಡುತ್ತಿದ್ದಾರೆ.

ಊರಿನವರಿಗೆ ಇದನ್ನು ಅರ್ಥ ಮಾಡಿಸುವುದು ನೀವಂದುಕೊಂಡಷ್ಟು ಕಷ್ಟವಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರ ಕರ್ನಾಟಕದ ಹಳ್ಳಿಯವರಿಗೆ ಗೊತ್ತು. ಎಂಟು ದಿನದ ಶಿಬಿರ ಮುಗಿಸಿದವರು ಆಮೇಲೆ ತಪ್ಪದೆ ಸೇರಲೆಂದು ನವಜೀವನ ಸಮಿತಿಗಳಿವೆ. ಶಿಬಿರ ಬಿಡಿಸುತ್ತದೆ, ಸಮಿತಿ ಬಿಟ್ಟದ್ದನ್ನು ಉಳಿಸುತ್ತದೆ ಎಂಬ ಲೆಕ್ಕ. "ಇಲ್ಲಿಯ ನವಜೀವನ ಸಮಿತಿ ಇದ್ದ ಹಾಗೆ ಅಮ್ಮ" ಎಂದರೆ ದಾವಣಗೆರೆಯ ಆ ತಾಯಿಗೆ ತಕ್ಷಣ ತಿಳಿಯಿತು. ವ್ಯತ್ಯಾಸ ಒಂದಿದೆ. ಅಲ್ಲಿ ಊರಿಗೆ ಊರೇ ಬಂದು ನಿಲ್ಲುತ್ತದೆ, ಹೆಂಡತಿ ಮಕ್ಕಳ ಎದುರು, ಊರವರ ಎದುರು ಹೊಸ ಬದುಕು ಶುರುವಾಗುತ್ತದೆ. ಇಲ್ಲಿ ಊರು ಅಂತ ಇಲ್ಲ, ಅದಕ್ಕೆ ಹೆಸರಿಲ್ಲದ ಕೋಣೆ. ನನಗೆ ಎರಡೂ ಸರಿಯೆನಿಸುತ್ತವೆ. ನಮ್ಮ ಫಜೀತಿ ಎಂದರೆ ನಾವು ಎರಡರ ನಡುವೆ ಇದ್ದೇವೆ: ಊರಿನಷ್ಟು ದೊಡ್ಡವರಲ್ಲ, ಅಪರಿಚಿತರೂ ಅಲ್ಲ. ಮುನ್ನೂರು ಮನೆ, ಎಲ್ಲರ ವಾಟ್ಸಾಪೂ ಒಂದೇ.

ಮನೆಯವರಿಗೆ ಒಂದು ಮಾತು. ಎಚ್-4ನಲ್ಲಿ ಬಂದು, ಕೆಲಸವಿಲ್ಲದೆ, ಕೆಲವೊಮ್ಮೆ ಡ್ರೈವಿಂಗ್ ಲೈಸೆನ್ಸೂ ಇಲ್ಲದೆ, ಬಾಟಲಿ ಎಣಿಸುತ್ತಾ ಕೂತಿರುವ ಹೆಣ್ಣುಮಕ್ಕಳಿದ್ದಾರೆ. ಕುಡಿಯುವವರು ಸಭೆಗೆ ಹೋಗಲಿ ಬಿಡಲಿ, ಮನೆಯವರಿಗೆಂದೇ ಅಲ್-ಅನಾನ್ ಸಭೆಗಳಿವೆ, 1951ರಿಂದ. ಫೋನಿನಲ್ಲಿ, ವಿಡಿಯೊದಲ್ಲಿ ಕೂಡ ನಡೆಯುತ್ತವೆ. ಮಗು ಮಲಗಿದ ಮೇಲೆ ಇಯರ್‌ಫೋನ್ ಹಾಕಿ ಕೂರಬಹುದು. ಹದಿಹರೆಯದ ಮಕ್ಕಳಿಗೆ ಅಲಟೀನ್ ಇದೆ. ಕುಡಿಯುವುದು ಗಂಡಸರೇ ಎಂದು ಅಂದುಕೊಂಡು ಮಾತಾಡುತ್ತಿದ್ದೇನೆ ಎನ್ನಬೇಡಿ. ಸಂಜೆ ಅಡುಗೆಯ ಜೊತೆ ಶುರುವಾದ ಒಂದು ಲೋಟ ವೈನ್ ಎಲ್ಲಿಗೆ ಬಂದು ನಿಂತಿದೆ ಎಂದು ನನಗೆ ಹೇಳಿದ ಹೆಂಗಸರು ಕಡಿಮೆಯಿಲ್ಲ. ಅವರಿಗೆ ನಾಚಿಕೆ ಇಮ್ಮಡಿ. ಹೆಂಗಸರ ಸಭೆಗಳನ್ನು ಪಟ್ಟಿಯಲ್ಲಿ ಬೇರೆಯಾಗಿ ಗುರುತು ಮಾಡಿರುವುದು ಅದಕ್ಕೇ.

ಇನ್ನು ಕೂಟಗಳು ಏನು ಮಾಡಬಹುದು? ಕನ್ನಡದಲ್ಲೇ ಒಂದು ಗುಂಪು ಕಟ್ಟೋಣ ಎಂದು ಉತ್ಸಾಹಿಗಳು ಕೇಳುತ್ತಾರೆ. ಮುನ್ನೂರು ಮನೆಯ ಊರಿನಲ್ಲಿ ಅದು ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ; ಮೊದಲ ವಾರ ಬಂದವರು ಯಾರೆಂದು ಎರಡನೆಯ ವಾರ ಎಲ್ಲರಿಗೂ ಗೊತ್ತಾಗಿರುತ್ತದೆ. ಕನ್ನಡ ಬೇಕೇ ಬೇಕು ಎನ್ನುವವರು ಬೆಂಗಳೂರಿನ ಗುಂಪುಗಳನ್ನು ವಿಚಾರಿಸಿ ವಿಡಿಯೊ ಸಭೆ ಇದೆಯೇ ಎಂದು ಕೇಳಬಹುದು. ಅಲ್ಲಿಯ ಸಂಜೆ ನಮಗೆ ಬೆಳಗಿನ ಹೊತ್ತು, ಆಫೀಸಿಗೆ ಹೊರಡುವ ಮೊದಲು ಆಗುತ್ತದೆ.

ನಾನು ಕೇಳುವುದು ಅದಕ್ಕಿಂತ ಸಣ್ಣದು. ಓಪನ್ ಸಭೆಗೆ ಯಾರು ಬೇಕಾದರೂ ಹೋಗಬಹುದು ಎಂದೆನಲ್ಲ. ಪ್ರತಿ ಕೂಟದಲ್ಲೂ ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು, ಬಾಯಿ ಬಿಗಿ ಇರುವವರು, ತಮ್ಮೂರಿನ ಓಪನ್ ಸಭೆಯೊಂದಕ್ಕೆ ಮೊದಲು ತಾವೇ ಹೋಗಿ ಕೂತು ಬರಲಿ. ಪಾರ್ಕಿಂಗ್ ಎಲ್ಲಿ, ಯಾವ ಬಾಗಿಲು, ಮೆಟ್ಟಿಲು ಇಳಿದು ಎಡಕ್ಕೋ ಬಲಕ್ಕೋ ತಿಳಿದುಕೊಳ್ಳಲಿ. ಯಾರಾದರೂ ಕೇಳಿದ ದಿನ, "ಏಳು ಗಂಟೆಗೆ ಮನೆ ಹತ್ತಿರ ಬರ್ತೀನಿ, ಜೊತೆಗೆ ಕೂರ್ತೀನಿ, ವಾಪಸ್ ಬಿಡ್ತೀನಿ" ಎನ್ನಲಿ. ಅದರ ಮೇಲೆ ಪ್ರಶ್ನೆ ಬೇಡ. ಎಷ್ಟು ಕುಡೀತೀರಿ, ಯಾವಾಗಿಂದ, ಮನೆಯಲ್ಲಿ ಗೊತ್ತಾ, ಏನೂ ಬೇಡ. ದಾರಿಯಲ್ಲಿ ಕ್ರಿಕೆಟ್ ಮಾತಾಡಿ. ಅಡಿಗರ ಬಗ್ಗೆ ಮಾತಾಡಿದರೂ ಪರವಾಗಿಲ್ಲ.

ಇನ್ನೊಂದು, ನಮ್ಮ ಪಾರ್ಟಿಗಳದ್ದು. ಲೋಟದಲ್ಲಿ ಕೋಕ್ ಹಿಡಿದು ನಿಂತವನನ್ನು "ಏನ್ ಗುರೂ, ಹೆಂಡ್ತಿ ಆರ್ಡರ್ರಾ?" ಎಂದು ಕೇಳುವುದು ನಮ್ಮ ಅತಿ ಹಳೆಯ ಜೋಕು. ಅವನು 30 ದಿನದ ಬಿಲ್ಲೆ ಜೇಬಿನಲ್ಲಿಟ್ಟುಕೊಂಡು ನಿಂತಿರಬಹುದು. ಮಜ್ಜಿಗೆ, ಪಾನಕ, ಶುಂಠಿ ಸೋಡಾಗಳನ್ನು ಮಕ್ಕಳ ಮೇಜಿನ ಮೇಲೆ ಇಡುವ ಬದಲು ದೊಡ್ಡವರ ಮೇಜಿನ ಮೇಲೂ ಇಡಿ. ಇಷ್ಟಕ್ಕೆ ಸಮಿತಿಯ ನಿರ್ಣಯ ಬೇಕಿಲ್ಲ.

ಈ ದೇಶದ ದೊಡ್ಡ ಸಮ್ಮೇಳನಗಳಲ್ಲಿ, ಹಡಗಿನ ಪ್ರವಾಸಗಳಲ್ಲಿ ಕಾರ್ಯಕ್ರಮ ಪಟ್ಟಿಯ ಕೆಳಗೆ ಕೆಲವೊಮ್ಮೆ "ಫ್ರೆಂಡ್ಸ್ ಆಫ್ ಬಿಲ್ ಡಬ್ಲ್ಯು" ಎಂದು ಒಂದು ಸಾಲು, ಕೋಣೆಯ ನಂಬರು, ಸಮಯ ಹಾಕಿರುತ್ತಾರೆ. ಬಿಲ್ ಎಂದರೆ ಆ್ಯಕ್ರನ್ನಿನ ಲಾಬಿಯಲ್ಲಿ ಫೋನಿನ ಕಡೆ ನಡೆದವನೇ. ಗೊತ್ತಿರುವವರಿಗೆ ಅದು ಎಎ ಸಭೆ ಎಂದು ತಿಳಿಯುತ್ತದೆ, ಉಳಿದವರು ಯಾವುದೋ ಬಿಲ್ ಸಾಹೇಬರ ಸ್ನೇಹಿತರ ಕೂಟ ಎಂದುಕೊಳ್ಳುತ್ತಾರೆ. ಮುಂದಿನ ಸಮ್ಮೇಳನದ ಪುಸ್ತಿಕೆಯಲ್ಲಿ, ದಂತವೈದ್ಯರ ಜಾಹೀರಾತಿನ ಕೆಳಗಾದರೂ, ಅಂಥ ಒಂದು ಸಾಲು ಹಾಕಿ ಎಂದು ಸಮಿತಿಯವರನ್ನು ಕೇಳಿದ್ದೇನೆ. ಆಗಲಿ ಎಂದಿದ್ದಾರೆ.

ಈ ಸಲಕ್ಕೆ ಬೇರೆ ಏರ್ಪಾಡು. ಈ ಹೋಟೆಲಿನಿಂದ ಹನ್ನೆರಡು ನಿಮಿಷ ದೂರದಲ್ಲಿ ನಾಳೆ ಭಾನುವಾರ ಬೆಳಿಗ್ಗೆ 7ಕ್ಕೆ ಒಂದು ಓಪನ್ ಸಭೆ ಇದೆ. ನಾನು 6:40ಕ್ಕೆ ಹಿಂದಿನ ಪಾರ್ಕಿಂಗ್‌ನಲ್ಲಿ, ಕಸದ ಡಬ್ಬಿಗಳ ಪಕ್ಕ, ಬೂದು ಬಣ್ಣದ ಮಿನಿವ್ಯಾನ್‌ನಲ್ಲಿರುತ್ತೇನೆ. ಮುಂದಿನ ಲಾಬಿ ಬೇಡ, ಅಲ್ಲಿ ಡೊಳ್ಳು ಕುಣಿತದವರು ಸೇರುತ್ತಿರುತ್ತಾರೆ. ಏಳು ಸೀಟಿದೆ, ನನ್ನದು ಬಿಟ್ಟು ಆರು. ಸುಮ್ಮನೆ ನೋಡಲು ಬರುವವರೂ ಬರಬಹುದು, ಕೂಟಗಳ ಪದಾಧಿಕಾರಿಗಳೂ ಬರಬಹುದು; ಹಾಗಾಗಿ ಯಾರು ಯಾಕೆ ಹತ್ತಿದರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಎಂಟೂಕಾಲಿಗೆ ವಾಪಸ್. ತಿಂಡಿ ಒಂಬತ್ತೂವರೆವರೆಗೆ ಇರುತ್ತದೆ ಎಂದು ಅಡುಗೆಯವರನ್ನು ಕೇಳಿಕೊಂಡಿದ್ದೇನೆ. ನಾಳೆ ಶಾವಿಗೆ ಬಾತ್, ವಡೆ.